ಗವಿರಾಕ್ಷಸನ ಕತ್ತು

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂರುವ ಗುಮಾಸ್ತನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅದನ್ನು ಹೆತ್ತವರ ನಂತರ ಯಾರೂ ಬಳಸಿದಂತಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಬಂದವರಿಗೂ ಅವನು "ಆಗಲಿ" ಎನ್ನುತ್ತಿದ್ದ, ನಲ್ಲಿಯ ನೀರು ನಿಲ್ಲುತ್ತಲೇ ಇಲ್ಲ ಎಂದು ಬಂದವರಿಗೂ "ಆಗಲಿ" ಎನ್ನುತ್ತಿದ್ದ. ನಿನ್ನಂಥ ದಂಡಪಿಂಡವನ್ನು ಇಲ್ಲಿ ತಂದು ಕೂರಿಸಿದವರು ಯಾರು ಎಂದು ಕೂಗಾಡಿದವರಿಗೂ ಅದೇ ಉತ್ತರ. ಹೀಗಾಗಿ ಊರಿಗೆಲ್ಲ ಅವನು ಆಗಲಿಯಪ್ಪನಾದ. ಹಾಗೆ ಕರೆಯಬಹುದೇ ಎಂದು ಯಾರೋ ಮರ್ಯಾದೆಗೆ ಕೇಳಿದ್ದರಂತೆ. ಏನು ಹೇಳಿದ ಎಂದು ಬೇರೆ ಹೇಳಬೇಕಾಗಿಲ್ಲ.

ಇಂಥ ನಿರುಪದ್ರವಿ ಪ್ರಾಣಿ ಇರಲಾರದೆ ಇರುವೆ ಬಿಟ್ಟುಕೊಂಡದ್ದು ಒಂದು ಭಾನುವಾರದ ಮಧ್ಯಾಹ್ನ.

ಕಾಲೇಜಿಗೆ ಹೋಗುವ ಅವನ ಮಗಳಿಗೆ ಒಂದು ಹುಚ್ಚು ಇತ್ತು. ಹೆಬ್ಬೆರಳುದ್ದದ ಬೊಂಬೆಗಳನ್ನು ತಂದು, ಕಣ್ಣಿಗೆ ಭೂತಗಾಜು ಹಿಡಿದು, ಬಣ್ಣ ಹಚ್ಚುವುದು. ಕತ್ತಿ ಹಿಡಿದ ಕನ್ಯೆಯರು, ರೆಕ್ಕೆಯ ಹುಲಿಗಳು, ಗಡ್ಡದ ಕುಳ್ಳರು. ಬಣ್ಣವಾದ ಮೇಲೆ ಗೆಳತಿಯರ ಜೊತೆ ಅವುಗಳನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡು ಯುದ್ಧ ಆಡುತ್ತಿದ್ದಳು. ಆ ಮಧ್ಯಾಹ್ನ ಅವಳು ಒಬ್ಬ ಕನ್ಯೆಯ ಕಣ್ಣಿಗೆ ಕಪ್ಪು ಚುಕ್ಕೆ ಇಡಲು ಉಸಿರು ಬಿಗಿಹಿಡಿದು ಕೂತಿದ್ದಾಗ, ಊಟದ ನಿದ್ದೆಯಿಂದ ಎದ್ದು ಬಂದ ಆಗಲಿಯಪ್ಪ ಅವಳ ಹೆಗಲ ಮೇಲಿಂದ ಇಣುಕಿ, "ಇದೇನು ಮಹಾ, ನಾನು ಶಾಲೇಲಿ ಚಿತ್ರಕ್ಕೆ ಬಹುಮಾನ ತಗೊಂಡವನು" ಎಂದುಬಿಟ್ಟ.

"ಚಿತ್ರಕ್ಕಲ್ಲ, ದುಂಡಗಿನ ಅಕ್ಷರಕ್ಕೆ" ಎಂದಳು ಹೆಂಡತಿ ಅಡುಗೆಮನೆಯಿಂದ.

"ಅಕ್ಷರವೂ ಒಂಥರ ಚಿತ್ರವೇ."

ಮಗಳು ಕುಂಚ ಕೆಳಗಿಟ್ಟಳು. ಸಿಟ್ಟು ಮಾಡಿಕೊಳ್ಳಲಿಲ್ಲ, ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳುವುದು ದಿಂಬಿಗೆ ಗುದ್ದಿದ ಹಾಗೆ ಎಂದು ಅವಳಿಗೆ ಗೊತ್ತಿತ್ತು. ಪೆಟ್ಟಿಗೆಯಿಂದ ಬೂದು ಬಣ್ಣದ ಒಂದು ಬರಿಯ ಬೊಂಬೆ ತೆಗೆದು ಅವನ ಮುಂದಿಟ್ಟಳು. ಬೋಳುತಲೆ, ಗುಡಾಣದಂಥ ಹೊಟ್ಟೆ, ಬಾಯಿಂದ ಕೆಳಕ್ಕೆ ಇಳಿದ ಎರಡು ಕೋರೆಹಲ್ಲು, ಕೈಯಲ್ಲಿ ಕೊಡಲಿ. "ಇವನು ಗವಿರಾಕ್ಷಸ. ನೀವು ಮಾಡಿ ನೋಡೋಣ. ಬೀದಿ ಕೊನೆ ಬೊಂಬೆ ಅಂಗಡೀಲಿ ತಿಂಗಳ ಕೊನೆಗೆ ಸ್ಪರ್ಧೆ ಇದೆ. ಗೆದ್ದಿದ್ದನ್ನ ಗಾಜಿನ ಹಿಂದೆ ಇಡ್ತಾರೆ, ದೀಪ ಹಾಕಿ, ಹೆಸರು ಬರೆದು."

ಆಗಲಿಯಪ್ಪನ ಹೆಸರು ಅದುವರೆಗೆ ಸಾರ್ವಜನಿಕವಾಗಿ ಕಂಡದ್ದು ತಡವಾಗಿ ಬಂದವರ ಹಲಗೆಯ ಮೇಲೆ ಮಾತ್ರ. ಗಾಜು, ದೀಪ, ಹೆಸರು ಎಂಬ ಮೂರು ಮಾತು ಅವನ ಎದೆಯೊಳಗೆ ಹೋಗಿ ಎಲ್ಲೋ ಕೂತವು. ಆ ವಾರವೆಲ್ಲ ಅವನು ಮಗಳ ಪಕ್ಕ ಕೂತು ಬಣ್ಣ ಬಳಿದ. ರಾಕ್ಷಸನಿಗೆ ಹಸಿರು ಮೈ, ಕೆಂಪು ಕಣ್ಣು, ರಕ್ತ ಹತ್ತಿದ ಕೊಡಲಿ. ಮುಗಿಸಿದಾಗ ಅವನಿಗೆ ಹಿಂದೆಂದೂ ಆಗದಂಥ ಒಂದು ಸುಖವಾಯಿತು ಎನ್ನಬೇಕು. ಮಗಳು ಭೂತಗಾಜು ಹಿಡಿದು ನೋಡಿದಳು.

"ಅಪ್ಪ, ಮುಖಕ್ಕೆ ಗೋಡೆ ಸುಣ್ಣ ಬಳಿದ ಹಾಗಿದೆ. ಬಣ್ಣಕ್ಕೆ ನೀರು ಸೇರಿಸಿ ತೆಳ್ಳಗೆ ಹಾಕಬೇಕು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಬೊಂಬೇನ ಕೈಲಿ ಹಿಡೀಬೇಡಿ, ಕಾಲಿಗೆ ಸೂಜಿ ಚುಚ್ಚಿ ಬೆಂಡಿನ ಮೇಲೆ ನಿಲ್ಲಿಸಿಕೊಳ್ಳಿ. ಆಮೇಲೆ ನಾಲ್ಕು ಜನಕ್ಕೆ ತೋರಿಸಿ, ಏನನಿಸುತ್ತೆ ಕೇಳಿ. ನಾವೆಲ್ಲ ಹಾಗೇ ತಿದ್ದಿಕೊಳ್ಳೋದು."

ಮಾತು ಬಂಗಾರದಂಥದ್ದೇ. ಆದರೆ ಬೇಡ ಎನ್ನಲು ಬಾರದ ಮನುಷ್ಯನಿಗೆ ನಾಲ್ಕು ಜನರನ್ನು ಕೇಳು ಎನ್ನುವುದು, ಈಜು ಬಾರದವನಿಗೆ ಬಾವಿ ಆಳ ನೋಡಿಕೊಂಡು ಬಾ ಎಂದ ಹಾಗೆ.

ಮೊದಲು ಕೇಳಿದ್ದು ಹೆಂಡತಿಯನ್ನು. "ಈ ಹಸಿರು ನೋಡಿದ್ರೆ ಹೊಟ್ಟೆ ತೊಳಸುತ್ತೆ ಕಣ್ರೀ. ಮನುಷ್ಯರ ಬಣ್ಣ ಹಾಕಬಾರದಾ? ಪಾಪ, ಅವನಿಗೂ ಒಬ್ಬ ತಾಯಿ ಇರಲ್ವಾ?" ಆಗಲಿಯಪ್ಪನಿಗೆ ರಾಕ್ಷಸನ ತಾಯಿಯ ನೆನಪಾಗಿ ಸಂಕಟವಾಯಿತು. ಹಸಿರಿನ ಮೇಲೆ ಗೋಧಿ ಬಣ್ಣ ಬಿತ್ತು.

ಕೆಳಮನೆಯ ಮುದುಕ ದರ್ಜಿ ಮೆಟ್ಟಿಲ ಮೇಲೆ ಸಿಕ್ಕ. ಬೊಂಬೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಮೈಮೇಲೆ ಬಟ್ಟೆ ಎಲ್ಲಿ? ಈ ಹೊಟ್ಟೆ ಬಿಟ್ಟುಕೊಂಡು ಓಡಾಡಿದ್ರೆ ಯಾರಾದ್ರೂ ಏನಂದಾರು? ಕಂದು ಬಣ್ಣದ್ದು, ತೋಳಿಲ್ಲದ ಸ್ವೆಟರ್ ಹಾಕು. ಹೊಟ್ಟೆ ಇದ್ದೋರಿಗೆ ಅದೇ ಒಪ್ಪೋದು" ಎಂದ. ಎಷ್ಟೋ ಹೊಟ್ಟೆಗಳ ಅಳತೆ ತೆಗೆದ ಮನುಷ್ಯ, ಎದುರಾಡುವುದು ಹೇಗೆ?

ಮರುದಿನ ಕಚೇರಿಗೂ ಒಯ್ದ, ಬೆಂಡಿನ ಸಮೇತ, ಊಟದ ಡಬ್ಬಿಯ ಮೇಲುಡಬ್ಬದಲ್ಲಿಟ್ಟುಕೊಂಡು. ಬೆರಳಚ್ಚಿನ ಹೆಂಗಸು, ಕಣ್ಣು ಎದ್ದು ಕಾಣುತ್ತಿಲ್ಲ, ಸುತ್ತ ಕಪ್ಪಗೆ ಒಂದು ಗೆರೆ ಎಳೆಯಿರಿ ಎಂದಳು. ಎಳೆದ, ಗೆರೆ ದಪ್ಪವಾಗಿ ಎರಡು ದುಂಡನೆಯ ಚೌಕಟ್ಟಿನ ಹಾಗಾಯಿತು. ಬಾಗಿಲ ಬಳಿಯ ವಾಚ್‌ಮನ್, ಕೋರೆಹಲ್ಲು ಬಿಳಿ ಇದ್ದರೆ ಮಕ್ಕಳು ಹೆದರುತ್ತವೆ, ಕಪ್ಪು ಮಾಡಿ ಎಂದ. ಮಾಡಿದ, ಬಾಯಿಯ ಎರಡೂ ಕಡೆ ಜೋಲುಮೀಸೆ ಇಳಿದಂತಾಯಿತು. ಬಿಲ್ಲು ವಿಭಾಗದವನು ಹಿಂಸೆ ಕೂಡದು ಎನ್ನುವ ಜಾತಿಯವನು. ಅವನ ಮಾತಿಗೆ ಕೊಡಲಿಯ ಅಲಗನ್ನು ಮುರಿದದ್ದಾಯಿತು. ರಾಕ್ಷಸನ ಕೈಯಲ್ಲಿ ಬರಿಯ ಕಾವು ಉಳಿದು, ಗೆರೆ ಎಳೆಯುವ ರೂಲುದೊಣ್ಣೆಯಂತೆ ಕಂಡಿತು. ಇಷ್ಟರ ಮಧ್ಯೆ ಬೆವರಿದ ಕೈಯಿಂದ ಕಪ್ಪು ಬಣ್ಣದ ಒಂದು ತೊಟ್ಟು ಎಡಗೆನ್ನೆಯ ಮೇಲೆ ಬಿತ್ತು. ಇದೊಂದು ಮಚ್ಚೆ ಇರಲಿ, ದೃಷ್ಟಿಯಾಗುವುದಿಲ್ಲ ಎಂದು ಎಲ್ಲರೂ ಹೇಳಿದರು.

ಬೂಟು ಒಂದನ್ನು ಮಾತ್ರ ಅವನು ಯಾರನ್ನೂ ಕೇಳದೆ, ಸ್ವಂತ ನೆನಪಿನಿಂದ ಬರೆದ. ಕಪ್ಪು ಬೂಟು, ಮುಂದೆ ಕೊಂಚ ಸವೆದದ್ದು, ಲಾಡಿ ಕಂದು.

ಆ ಸಂಜೆ ಹೊರಡುವಾಗ ತಿದ್ದಿದ ಬೊಂಬೆಯನ್ನು ವಾಚ್‌ಮನ್‌ಗೆ ತೋರಿಸಿದ. ವಾಚ್‌ಮನ್ ನೋಡಿದ. ಸ್ಟೂಲಿನಿಂದ ಎದ್ದ. ಬೀಡಿಯನ್ನು ಹಿಂದಕ್ಕೆ ಮುಚ್ಚಿಟ್ಟುಕೊಂಡು ಬೊಂಬೆಗೆ ಸಲಾಮು ಹೊಡೆದ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದವರ ಸುದ್ದಿ ಎಲ್ಲರಿಗೂ ಗೊತ್ತು. ರಾಕ್ಷಸನನ್ನು ಮಾಡಲು ಹೋಗಿ ಮೇಲಧಿಕಾರಿಯನ್ನು ಮಾಡಿದವನು ಮಾತ್ರ ಇವನೊಬ್ಬನೇ. ಆ ಬೋಳುತಲೆ, ದುಂಡು ಕನ್ನಡಕ, ಜೋಲುಮೀಸೆ, ಬೇಸಿಗೆಯಲ್ಲೂ ಬಿಡದ ಕಂದು ಸ್ವೆಟರ್, ಮಾತಿಗೊಮ್ಮೆ ಮೇಜಿಗೆ ಬಡಿಯುವ ರೂಲುದೊಣ್ಣೆ, ಎಡಗೆನ್ನೆಯ ಮಚ್ಚೆ, ಇವು ಆ ಕಚೇರಿಯ ಯಜಮಾನರವು. ಇಷ್ಟು ಹೋಲಿಕೆ ಆಗಲಿಯಪ್ಪನ ಕಣ್ಣಿಗೇ ಬೀಳಲಿಲ್ಲವೇ ಎಂದು ಕೇಳುವವರು, ಅವನು ಯಜಮಾನರ ಎದುರು ಇಷ್ಟು ವರ್ಷ ತಲೆ ಎತ್ತಿ ನಿಂತವನೇ ಅಲ್ಲ ಎಂಬುದನ್ನು ನೆನಪಿಡಬೇಕು. ಅವನಿಗೆ ಅವರ ಬೂಟು ಮಾತ್ರ ಚೆನ್ನಾಗಿ ಪರಿಚಯ.

ಬೊಂಬೆ ಇಷ್ಟಕ್ಕೇ ನಿಂತಿದ್ದರೆ ನಾಲ್ಕು ದಿನ ನಗೆಯಾಡಿ ಜನ ಮರೆಯುತ್ತಿದ್ದರು. ಆದರೆ ಆ ವಾರವೇ ಯಜಮಾನರು ಸ್ನಾನದ ಮನೆಯಲ್ಲಿ ಜಾರಿ, ಬಲಗಾಲು ಕುಂಟುತ್ತ ಬಂದರು. ಬೆರಳಚ್ಚಿನ ಹೆಂಗಸು ಬೊಂಬೆಯ ಕಡೆ ನೋಡಿದಳು. ಸೂಜಿ ಬಲಗಾಲಿಗೇ ಚುಚ್ಚಿತ್ತು. ಅವಳು ಬಿಲ್ಲು ವಿಭಾಗದವನ ಮುಖ ನೋಡಿದಳು, ಅವನು ಅವಳ ಮುಖ ನೋಡಿದ, ಇಬ್ಬರೂ ಏನೂ ಹೇಳಲಿಲ್ಲ. ಏನೂ ಹೇಳದ ಮಾತು ಮಧ್ಯಾಹ್ನದ ಹೊತ್ತಿಗೆ ಕಚೇರಿಯನ್ನೆಲ್ಲ ಸುತ್ತಿ ಬಂತು.

ಅದೇ ಸಂಜೆ ಬೊಂಬೆ ಮೇಜಿನಿಂದ ಬಿದ್ದು ತಲೆ ಕಳಚಿತು. ಆಗಲಿಯಪ್ಪ ಅಂಟು ಹಾಕಿ ಕೂರಿಸಿದ. ಅವಸರದಲ್ಲಿ ಒಂಚೂರು ಎಡಕ್ಕೆ ವಾಲಿತು. ಮಾರನೆಯ ಬೆಳಿಗ್ಗೆ ಯಜಮಾನರು ಕತ್ತು ಉಳುಕಿಸಿಕೊಂಡು, ಎಡಹೆಗಲ ಕಡೆಗೆ ಮುಖ ಮಾಡಿಕೊಂಡು ಒಳಗೆ ಬಂದರು. ಎಡಗಡೆ ಕೂತವರೆಲ್ಲ ಎದ್ದು ನಿಂತರು. ಬಲಗಡೆಯವರು ಗೋಡೆ ಹಿಡಿದುಕೊಂಡರು.

ಅಂದಿನಿಂದ ಆಗಲಿಯಪ್ಪನ ದೆಸೆ ತಿರುಗಿತು. ಅವನ ಕುಂಟು ಕುರ್ಚಿ ಹೋಗಿ ಮೆತ್ತೆಯ ಕುರ್ಚಿ ಬಂತು. ಫ್ಯಾನು ಅವನ ಕಡೆ ತಿರುಗಿತು. ಬಾಗಿಲಲ್ಲೇ ತಡೆದು, "ಅವರಿಗೆ ತೊಂದರೆ ಕೊಡಬೇಡಿ" ಎಂದು ವಾಚ್‌ಮನ್ ದೂರುದಾರರನ್ನು ಹಿಂದಕ್ಕೆ ಕಳಿಸುತ್ತಿದ್ದ. ಬಿಲ್ಲು ವಿಭಾಗದವನು, ಹಿಂದೆ ಯಾವಾಗಲೋ ಆಡಿದ ಮಾತಿಗೆ ಈಗ ಕೈ ಹಿಡಿದು ಕ್ಷಮೆ ಕೇಳಿದ.

"ಕಲೆಗೆ ಇಷ್ಟು ಗೌರವ ಇದೆ ಅಂತ ಗೊತ್ತೇ ಇರಲಿಲ್ಲ ಕಣೇ" ಎಂದು ಆಗಲಿಯಪ್ಪ ಮನೆಯಲ್ಲಿ ಹೇಳಿದ. ಹೇಳುವಾಗ ಕಣ್ಣು ಒದ್ದೆಯಾಗಿತ್ತು.

ಒಂದು ದಿನ ಯಜಮಾನರಿಂದ ಕರೆ ಬಂತು. ಬಾಗಿಲು ಹಾಕಿಕೊಳ್ಳುವಂತೆ ಕೈಸನ್ನೆಯಾಯಿತು. ಆಗಲಿಯಪ್ಪ ಬೂಟು ನೋಡುತ್ತ ನಿಂತ.

"ನೋಡ್ರಿ, ನಾನು ಇಂಥದ್ದನ್ನೆಲ್ಲ ನಂಬೋನಲ್ಲ" ಎಂದರು ಯಜಮಾನರು, ಗೋಡೆಯ ಕ್ಯಾಲೆಂಡರಿಗೆ. ಅವರ ಮುಖ ತಿರುಗಿದ್ದೇ ಆ ಕಡೆಗೆ. "ಓದಿದೋನು ನಾನು. ಆದರೂ ಒಂದು ಸಲ ತೋರಿಸ್ರಿ ಅದನ್ನ."

ಆಗಲಿಯಪ್ಪ ಡಬ್ಬ ತೆರೆದು ತೋರಿಸಿದ. ಯಜಮಾನರು ಬೊಂಬೆಯನ್ನು ನೋಡಲು ಕುರ್ಚಿಯ ಸಮೇತ ತಿರುಗಬೇಕಾಯಿತು. ಬಹಳ ಹೊತ್ತು ನೋಡಿದರು. ಹಣೆಯಲ್ಲಿ ಬೆವರು ಕಾಣಿಸಿತು.

"ನಾನು ನಿಮಗೆ ಏನು ಅನ್ಯಾಯ ಮಾಡಿದೀನ್ರಿ?"

"ಏನೂ ಇಲ್ಲ ಸಾರ್. ನೀವೂ ಒಂದು ಮಾತು ಹೇಳಿದ್ರೆ ತಿದ್ದಿಕೊಳ್ತೀನಿ. ಎಲ್ಲರ ಅಭಿಪ್ರಾಯ ತಗೊಂಡೇ ಮಾಡಿದ್ದು."

"ಎಲ್ಲರದೂ?" ಯಜಮಾನರ ದನಿ ಸಣ್ಣದಾಯಿತು.

"ಇಡೀ ಆಫೀಸಿಂದು ಸಾರ್. ಮನೇಲಿ ನನ್ನ ಹೆಂಡತಿದೂ."

ಯಜಮಾನರು ಸ್ವಲ್ಪ ನೀರು ಕುಡಿದರು. ಅರ್ಧ ಸ್ವೆಟರಿನ ಮೇಲೆ ಹೋಯಿತು. "ಆಯ್ತು. ಮೊದಲು ಆ ಸೂಜಿ ತೆಗೀರಿ. ಕತ್ತು ನೇರ ಮಾಡ್ರಿ. ಮೆಲ್ಲಗೆ, ಎಳೀಬೇಡಿ."

"ಆಗಲಿ ಸಾರ್."

ಇಷ್ಟು ಸೂಕ್ಷ್ಮವಾದ ಕಲಾವಿಮರ್ಶೆಯನ್ನು ಅವನು ಮೇಲಧಿಕಾರಿಯಿಂದ ನಿರೀಕ್ಷಿಸಿರಲಿಲ್ಲ. ಸೂಜಿ ತೆಗೆದ, ಅಂಟು ಬಿಡಿಸಿ ತಲೆಯನ್ನು ನೇರವಾಗಿ ಕೂರಿಸಿದ. ಯಜಮಾನರು ಆ ಹೊತ್ತಿಗೆ ಡಾಕ್ಟರ ಮಾತ್ರೆ ನುಂಗುತ್ತಿದ್ದರು, ಮೈದುನನಿಂದ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು, ಕತ್ತಿಗೆ ಪಟ್ಟಿಯನ್ನೂ ಕಟ್ಟಿಕೊಂಡಿದ್ದರು. ಕತ್ತು ಸರಿಹೋಯಿತು. ಡಾಕ್ಟರಿಗಾಗಲಿ ಮೈದುನನಿಗಾಗಲಿ ಅದರ ಕೀರ್ತಿಯಲ್ಲಿ ಕಾಸಿನಷ್ಟೂ ಪಾಲು ಸಿಗಲಿಲ್ಲ.

ಮರುದಿನ ಮತ್ತೆ ಕರೆ. ಈಗ ಯಜಮಾನರ ಮುಖದಲ್ಲಿ ಕಳೆ ಇತ್ತು, ಆಸೆಯೂ ಇತ್ತು. "ತಲೆ ಮೇಲೆ ಸ್ವಲ್ಪ ಏನಾದ್ರೂ ಬಳೀಬಹುದಾ? ಜಾಸ್ತಿ ಬೇಡ. ಹಿಂದುಗಡೆ ಇದ್ರೂ ಸಾಕು. ಆಮೇಲೆ ಈ ಹೊಟ್ಟೆ, ಒಂದೆರಡು ಸಲ ಅರ ಆಡಿಸಿ ನೋಡ್ರಿ."

ಆಗಲಿಯಪ್ಪ ತಲೆಗೆ ಕಪ್ಪು ಬಳಿದ, ಹೊಟ್ಟೆಗೆ ಅರ ಹಾಕಿ ಉಜ್ಜಿದ. ರಾಕ್ಷಸನ ಹೊಟ್ಟೆಯಿಂದ ಬೂದು ಪುಡಿ ಉದುರಿತು. ಆ ವಾರವೇ ಯಜಮಾನರು ಯಾರದೋ ಮದುವೆಯಲ್ಲಿ ಹಳಸಿದ್ದೇನನ್ನೋ ತಿಂದರು. ಹೊಟ್ಟೆ ಇಳಿಯಿತು. ಇಳಿಯುತ್ತಲೇ ಇತ್ತು. ರಜೆಯ ಮೇಲೆ ರಜೆ ಹಾಕಿದರು.

ಕಚೇರಿಯಲ್ಲಿ ಯಾರೂ ಜೋರಾಗಿ ಕೆಮ್ಮಲಿಲ್ಲ.

ಆಗ ಆಗಲಿಯಪ್ಪನ ಮನೆಗೆ ಒಬ್ಬ ಹೆಂಗಸು ಬಂದಳು, ಸಂಜೆಗೆ, ತಲೆ ಮೇಲೆ ಸೆರಗು ಹೊದ್ದು. ಯಜಮಾನರ ಹೆಂಡತಿ. ಆಗಲಿಯಪ್ಪನ ಹೆಂಡತಿ ಟೀ ತಂದುಕೊಟ್ಟಳು. ಆಕೆ ಮುಟ್ಟಲಿಲ್ಲ.

"ಅಣ್ಣಾ, ಹೊಟ್ಟೆ ಕರಗಿಸಿದ್ದು ಸಾಕು. ಅನ್ನ ನಿಲ್ತಾ ಇಲ್ಲ. ತೆಗೆದದ್ದನ್ನ ಸ್ವಲ್ಪ ವಾಪಸ್ ಸೇರಿಸಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಯಾರ ಹೊಟ್ಟೆ ಅಮ್ಮಾ?" ಎಂದ ಆಗಲಿಯಪ್ಪ.

"ನಮ್ಮವರದು. ನೀವು ಬೊಂಬೆ ಮಾಡಿಟ್ಟಿದ್ದೀರಲ್ಲ, ಸೂಜಿ ಚುಚ್ಚಿ. ಊರಿಗೆಲ್ಲ ಗೊತ್ತು."

ಆಗಲಿಯಪ್ಪ ಡಬ್ಬದಿಂದ ಬೊಂಬೆ ತೆಗೆದ. ಅದನ್ನು ಮೊದಲ ಸಲ ಬೇರೆಯವರ ಕಣ್ಣಿನಿಂದ ನೋಡಿದ. ಕನ್ನಡಕ, ಮೀಸೆ, ಸ್ವೆಟರ್, ಮಚ್ಚೆ ಒಂದೊಂದಾಗಿ ಎದ್ದು ಬಂದು ಅವನ ಮುಖಕ್ಕೆ ಬಡಿದವು. ಮೆತ್ತೆಯ ಕುರ್ಚಿ, ಫ್ಯಾನು, ಸಲಾಮು ಎಲ್ಲ ಸಾಲಾಗಿ ಅರ್ಥವಾದವು. ಅವನ ಬಣ್ಣವನ್ನು ಇಷ್ಟು ದಿನದಲ್ಲಿ ಒಬ್ಬರೂ ನೋಡಿರಲಿಲ್ಲ. ಅವನು ಅಲ್ಲೇ ಚಪ್ಪಲಿ ಬಿಡುವ ಜಾಗದಲ್ಲಿ ಕೂತುಬಿಟ್ಟ.

"ಅಮ್ಮಾ, ಇದು ಬರೀ ಬೊಂಬೆ. ಗವಿರಾಕ್ಷಸ. ನನಗೆ ಮಾಟ ಮಂತ್ರ ಏನೂ ಗೊತ್ತಿಲ್ಲ."

"ಗೊತ್ತಿರೋರು ಎಲ್ಲರೂ ಹಾಗೇ ಹೇಳ್ತಾರೆ" ಎಂದಳು ಆಕೆ, ತಾಳ್ಮೆಯಿಂದ. ಆಮೇಲೆ ದನಿ ತಗ್ಗಿಸಿ, ಬಂದ ನಿಜವಾದ ಕೆಲಸ ಅದೇ ಎನ್ನುವಂತೆ, "ಇನ್ನೊಂದು ಇತ್ತು ಅಣ್ಣಾ. ಮೊದಲೆಲ್ಲ ನಗ್ತಿದ್ರು. ಹಲ್ಲು ಕಾಣೋ ಹಾಗಲ್ಲ, ಬಾಯಿ ಬಲತುದಿ ಮಾತ್ರ ಒಂಚೂರು ಮೇಲಕ್ಕೆ ಹೋಗ್ತಿತ್ತು. ಈ ಹುದ್ದೆಗೆ ಬಂದಮೇಲೆ ನೋಡೇ ಇಲ್ಲ. ಅದನ್ನೊಂದು ಹಾಕಿಕೊಡಿ" ಎಂದಳು.

ಅವಳು ಹೋದ ಮೇಲೆ ಆಗಲಿಯಪ್ಪ ಬೊಂಬೆಯನ್ನು ಕಸದ ಬುಟ್ಟಿಗೆ ಹಾಕಿದ. ಯಜಮಾನರಿಗೆ ಏನಾದರೂ ಆದರೆ ತಲೆಯ ಮೇಲೆ ಬರುತ್ತದೆ ಎಂದು ಹೆಂಡತಿ ತೆಗೆದು ಒರೆಸಿ ಕೊಟ್ಟಳು. ಅವಳೂ ನಂಬತೊಡಗಿದ್ದಳು. ಅವನು ಕೂತು, ಅಂಟಿನ ಉಂಡೆ ಮಾಡಿ ಹೊಟ್ಟೆಗೆ ಮೆತ್ತಿದ. ಆಮೇಲೆ ಮಗಳ ಸಣ್ಣ ಕುಂಚ ತೆಗೆದುಕೊಂಡು, ಬಣ್ಣಕ್ಕೆ ನೀರು ಸೇರಿಸಿ, ಆ ಹೆಂಗಸು ಹೇಳುವಾಗ ಅವಳದೇ ಬಾಯಿ ಒಂದು ಕ್ಷಣ ಹೇಗೆ ತಿರುಗಿತ್ತೋ ಹಾಗೆ, ಒಂದೇ ಗೆರೆ ಎಳೆದ.

ಕಚೇರಿಯಲ್ಲಿ ಅವನು ಒಬ್ಬೊಬ್ಬರ ಮೇಜಿಗೂ ಹೋಗಿ, ಇದು ಮಾಟವಲ್ಲ ಎಂದು ಹೇಳಿದ. ಹೇಳಿದಷ್ಟೂ ಅವರು ಕುರ್ಚಿ ಹಿಂದಕ್ಕೆ ಸರಿಸಿದರು. ಬೆರಳಚ್ಚಿನ ಹೆಂಗಸು, "ನಂಗೆ ಗೊತ್ತು ಬಿಡಿ, ನಾನು ಯಾರಿಗೂ ಹೇಳಲ್ಲ. ನಮ್ಮತ್ತೆದು ಒಂದು ಫೋಟೋ ತರ್ಲಾ?" ಎಂದಳು.

ಅವನಿಗಿದ್ದ ಒಂದೇ ಆಸೆ ಸ್ಪರ್ಧೆ. ಬೊಂಬೆಯನ್ನು ಬೊಂಬೆ ಎಂದು ನೋಡುವ ಮನುಷ್ಯ ಈ ಊರಿನಲ್ಲಿ ಇದ್ದರೆ ಆ ಅಂಗಡಿಯವನೊಬ್ಬನೇ. ತಿಂಗಳ ಕೊನೆಗೆ ಮಗಳ ಜೊತೆ ಹೋದ. ಅಂಗಡಿಯ ತುಂಬ ಕಾಲೇಜಿನ ಹುಡುಗಿಯರು, ಭೂತಗಾಜುಗಳು, ಪಿಸುಮಾತು. ಅಂಗಡಿಯವನು ಮೇಜುದೀಪದ ಕೆಳಗೆ ಒಂದೊಂದನ್ನೇ ಹಿಡಿದು ನೋಡುತ್ತಿದ್ದ. ಆಗಲಿಯಪ್ಪನ ಸರದಿ ಬರುವ ಹೊತ್ತಿಗೆ ಬಾಗಿಲಲ್ಲಿ ಗದ್ದಲವಾಯಿತು. ಸಡಿಲವಾದ ಕಂದು ಸ್ವೆಟರಿನಲ್ಲಿ ಯಜಮಾನರು ಏದುಸಿರು ಬಿಡುತ್ತ ನಿಂತಿದ್ದರು.

"ಗಾಜಿನ ಹಿಂದೆ ಇಡಬೇಡ್ರಿ. ಬಿಸಿಲು ಬೀಳುತ್ತೆ ಅಲ್ಲಿ. ನನಗೆ ಬಿಸಿಲು ಆಗಲ್ಲ."

ಅಂಗಡಿಯವನು ಯಜಮಾನರನ್ನು ನೋಡಿದ, ಕೈಯಲ್ಲಿದ್ದ ಬೊಂಬೆಯನ್ನು ನೋಡಿದ, ಮತ್ತೆ ಯಜಮಾನರನ್ನು ನೋಡಿದ. ಹುಡುಗಿಯರೂ ಒಂದಾದ ಮೇಲೆ ಒಂದು ಎರಡನ್ನೂ ನೋಡಿದರು. ಯಾರೋ ಕಿಸಕ್ಕೆಂದರು.

"ಗಾಬರಿ ಬೇಡಿ ಸಾರ್, ಇಡೋ ಪ್ರಶ್ನೇನೇ ಇಲ್ಲ" ಎಂದ ಅಂಗಡಿಯವನು. ಆಗಲಿಯಪ್ಪನ ಕಡೆ ತಿರುಗಿ, "ಸ್ವಾಮೀ, ನಮ್ಮದು ಕಲ್ಪನಾಲೋಕದ ಬೊಂಬೆಗಳ ಸ್ಪರ್ಧೆ. ನೀವು ಇದ್ದ ಮನುಷ್ಯರನ್ನೇ ಮಾಡಿಕೊಂಡು ಬಂದಿದ್ದೀರಿ. ಪದರ ದಪ್ಪ, ಕೆಳಗಿನ ಹಸಿರು ಕಿವಿ ಹತ್ರ ಇಣುಕುತ್ತಾ ಇದೆ. ಹೊಟ್ಟೆಗೆ ಏನು ಮಾಡಿದ್ದೀರಿ ಅಂತ ಕೇಳೋಕೂ ನನಗೆ ಧೈರ್ಯ ಇಲ್ಲ" ಎಂದ. ಭೂತಗಾಜನ್ನು ಇನ್ನೂ ಹತ್ತಿರ ತಂದ. "ಈ ಬಾಯಿ ಒಂದು ಮಾತ್ರ ಚೆನ್ನಾಗಿದೆ. ತೆಳ್ಳಗೆ ಹಾಕಿ, ನಿಲ್ಲಿಸೋ ಕಡೆ ನಿಲ್ಲಿಸಿದ್ದೀರಿ. ಇದನ್ನ ಯಾರು ಮಾಡಿಕೊಟ್ಟರು?"

ಆಗಲಿಯಪ್ಪ ಬಾಯಿ ತೆರೆದ. ಅಷ್ಟರಲ್ಲಿ ಯಜಮಾನರು ಬೊಂಬೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು, ಕರವಸ್ತ್ರದಲ್ಲಿ ಸುತ್ತಿ, ಗಾಳಿ ತಾಗದಂತೆ ಎದೆಗೊತ್ತಿಕೊಂಡು ಹೊರಟುಹೋದರು. ಗಾಜಿನ ಹಿಂದೆ ಮಗಳ ಕನ್ಯೆ ನಿಂತಳು, ದೀಪದ ಕೆಳಗೆ. ಮಗಳು ಗೆಳತಿಯರಿಂದ ಬಿಡಿಸಿಕೊಂಡು ಬಂದು ಅಪ್ಪನ ಪಕ್ಕ ನಿಂತಳು. ಮನೆ ಬಾಗಿಲಲ್ಲಿ, "ಬಾಯಿ ನಂಗೂ ಅಷ್ಟು ಚೆನ್ನಾಗಿ ಬರಲ್ಲ ಅಪ್ಪ" ಎಂದಳು. ಅವನು ತಲೆಯಾಡಿಸಿ, ಕೈಗೆ ಹತ್ತಿದ ಬಣ್ಣ ತೊಳೆಯಲು ಹೋದವನು ಬಹಳ ಹೊತ್ತು ನಲ್ಲಿಯ ಮುಂದೆಯೇ ನಿಂತಿದ್ದ.

ಬೊಂಬೆ ಕಚೇರಿಯ ಕಬ್ಬಿಣದ ಕಪಾಟಿನಲ್ಲಿ, ಹತ್ತಿಯ ಹಾಸಿಗೆಯ ಮೇಲೆ ಮಲಗಿತು. ವಾರಕ್ಕೊಮ್ಮೆ ಅದರ ಧೂಳು ಒರೆಸುವುದು ಆಗಲಿಯಪ್ಪನ ಕೆಲಸವಾಯಿತು. ಯಜಮಾನರು ಆಗ ಎದುರಿಗೇ ನಿಂತಿರುತ್ತಿದ್ದರು, ಬಗಲು ಒರೆಸುವಾಗ ಕಚಗುಳಿಯಾದಂತೆ ನುಲಿಯುತ್ತ. ಹೊಟ್ಟೆ ಹಿಂದಿನ ಅಳತೆಗೆ ಬಂತು. ಕಾಲು ಸರಿಹೋಯಿತು. ಹಿಂದಲೆಯಲ್ಲಿ ಏನೋ ಹುಟ್ಟುತ್ತಿದೆ ಎಂದು ಅವರೇ ಎಲ್ಲರಿಗೂ ಬಗ್ಗಿ ತೋರಿಸಿದರು, ಎಲ್ಲರೂ ಹೌದೆಂದರು. ಕೊನೆಗೆ ಬಡ್ತಿಯೂ ಬಂದು, ದೊಡ್ಡ ಕಚೇರಿಗೆ ಹೊರಟು ನಿಂತರು. ಆ ನಗು ಒಂದು ಮಾತ್ರ ಫಲಿಸಲಿಲ್ಲ. ಬೀಳ್ಕೊಡುವ ದಿನ ಅವರ ಹೆಂಡತಿ ದೂರದಲ್ಲಿ ನಿಂತು, ಫೋಟೋ ತೆಗೆಯುವಾಗಲೂ ಗಂಡನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಆಗಲಿಯಪ್ಪನ ಕಡೆ ತಿರುಗಿ, ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದಳು. ಬೊಂಬೆ ಯಜಮಾನರ ಕನ್ನಡಕದ ಡಬ್ಬಿಯಲ್ಲಿ ಊರು ಬಿಟ್ಟಿತು.

ಪೀಡೆ ತೊಲಗಿತು ಎಂದುಕೊಂಡು ಆಗಲಿಯಪ್ಪ ತನ್ನ ಕುಂಟು ಕುರ್ಚಿಯನ್ನು ತಾನೇ ಹುಡುಕಿ ತಂದು ಹಾಕಿಕೊಂಡ. ಬಂದ ದೂರುಗಳನ್ನು ಕೇಳಿದ. ಯಾರೋ ಒಬ್ಬರು ಕೂಗಾಡಿದಾಗ ಅವನಿಗೆ ಹಬ್ಬದಷ್ಟು ಖುಷಿಯಾಯಿತು.

ಹೊಸ ಯಜಮಾನರು ಸೋಮವಾರ ಬಂದರು. ತೆಳ್ಳಗಿನ ಮನುಷ್ಯ, ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದರು. ಯಾರ ಪರಿಚಯವನ್ನೂ ಮಾಡಿಕೊಳ್ಳದೆ ಮೊದಲು ದೂರು ವಿಭಾಗದ ಗುಮಾಸ್ತನನ್ನು ಕರೆಸಿದರು. ಬಾಗಿಲು ಹಾಕಿಸಿದರು. ಕುರ್ಚಿ ತೋರಿಸಿದರು.

"ನೋಡಿ, ನಾನು ಇಂಥದ್ದನ್ನೆಲ್ಲ ನಂಬೋನಲ್ಲ" ಎಂದು ಮೇಜಿನ ಖಾನೆ ಎಳೆದು, ಎರಡು ಫೋಟೋ ತೆಗೆದು ಅವನ ಮುಂದೆ ಜೋಡಿಸಿಟ್ಟರು. "ಮುಂದಿಂದ ಒಂದು, ಪಕ್ಕದಿಂದ ಒಂದು. ಎದೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಬರಲಿ. ಸೂಜಿ ಬೇಡ."